ಮನೆ ಗುರುತು

ಕಾರ್ಖಾನೆಯಿಂದ ಬಂದ ಅಂಗಿಯ ಕಾಲರಿನ ಅಂಚಿನಲ್ಲಿ ಉಳಿದ ನೂಲನ್ನು ಎರಡು ಬೆರಳಲ್ಲಿ ಎಳೆದು ಹಿಡಿಯಬೇಕು. ಪುಟ್ಟ ಕತ್ತರಿಯ ತುದಿ ಬಟ್ಟೆಗೆ ತಾಗದ ಹಾಗೆ ಬುಡಕ್ಕೆ ಕತ್ತರಿಸಬೇಕು. ಆಮೇಲೆ ಕಾಲರನ್ನು ಎಡಗಡೆಯ ರಾಶಿಗೆ ಹಾಕಿ ಬಲಗಡೆಯಿಂದ ಇನ್ನೊಂದನ್ನು ತೆಗೆದುಕೊಳ್ಳಬೇಕು. ಅಮ್ಮ ಮತ್ತು ಗುಬ್ಬಿ ಬೆಳಗಿನ ಆರೂವರೆಯಿಂದ ನೆಲದ ಮೇಲೆ ಕಾಲು ಚಾಚಿ ಕುಳಿತು ಇದನ್ನೇ ಮಾಡುತ್ತಿದ್ದರು. ಮಾತಿರಲಿಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ ಅಕ್ಕ ಕಂಪ್ಯೂಟರಿನ ಮುಂದೆ ಕುಳಿತು ಮಧ್ಯಾಹ್ನದ ಸಭೆಗೆ ವರದಿ ತಿದ್ದುತ್ತಿದ್ದಳು. ಅವಳು ಬರೆಯುವ ಹೊತ್ತಲ್ಲಿ ಆ ಮನೆಯಲ್ಲಿ ಲೋಟವೂ ಸದ್ದು ಮಾಡದೆ ಕೆಳಗಿಳಿಯಬೇಕಿತ್ತು.

ಗುಬ್ಬಿಗೆ ಅದೇನೂ ಕಷ್ಟವಲ್ಲ. ಮಾತಾಡದೆ ಇರುವುದು ಅವಳಿಗೆ ಹುಟ್ಟಿನಿಂದ ಬಂದದ್ದು. "ನಿನಗೆ ಗುಬ್ಬಿ ಅಂತ ಯಾಕೆ ಕರೆದೆವೋ, ಗುಬ್ಬಿಯಾದ್ರೂ ಚಿಂವ್ ಅನ್ನುತ್ತೆ" ಎಂದು ಅಮ್ಮ ಆಗಾಗ ನಗುವುದುಂಟು. ಅಪ್ಪ ಹಾಸಿಗೆ ಹಿಡಿದ ವರ್ಷ ಅಕ್ಕ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು, ಗುಬ್ಬಿ ಎಂಟನೆಯ ತರಗತಿಯಲ್ಲಿ. ಅಮ್ಮ ಹೊರಗೆ ದುಡಿಯಲು ಹೋದಾಗ ಅಪ್ಪನ ಹತ್ತಿರ ಯಾರಾದರೂ ಇರಬೇಕಿತ್ತು. ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಗುಬ್ಬಿ ಒಂದು ದಿನ ಶಾಲೆಗೆ ಹೋಗಲಿಲ್ಲ, ಮಾರನೆಯ ದಿನವೂ ಹೋಗಲಿಲ್ಲ, ಅಷ್ಟೇ. ಅಪ್ಪ ತೀರಿಕೊಳ್ಳುವ ಹೊತ್ತಿಗೆ ಅವಳ ಜೊತೆಯವರು ಶಾಲೆ ಮುಗಿಸಿದ್ದರು.

"ಇದನ್ನ ಕೇಳಿ, ಸರಿಯಾಗಿದೆಯಾ ಹೇಳಿ" ಎಂದು ಅಕ್ಕ ತಿರುಗದೆಯೇ ಓದಿದಳು. "ಎರಡು ವರ್ಷದ ಹಿಂದೆ ನೂರು ಮನೆಗಳಲ್ಲಿ ನಲವತ್ತೊಂದು ಮನೆಗಳ ಹೆಂಗಸರು ಮನೆಯಲ್ಲೇ ಕುಳಿತು ದುಡಿಯುತ್ತಿದ್ದರು. ಈಗ ಅಂಥ ಮನೆಗಳು ನೂರಕ್ಕೆ ಹದಿನೆಂಟು ಮಾತ್ರ. ಕಾರ್ಖಾನೆಗಳಿಗೆ ಹೊಸ ಯಂತ್ರಗಳು ಬಂದಿರುವುದು ಇದಕ್ಕೆ ಮುಖ್ಯ ಕಾರಣವಿರಬಹುದು."

"ಅಯ್ಯೋ ಪಾಪ" ಎಂದಳು ಅಮ್ಮ, ನೂಲು ಕತ್ತರಿಸುತ್ತಾ. "ಹಾಗಾದ್ರೆ ಮಿಕ್ಕವರೆಲ್ಲ ಈಗ ಏನು ಮಾಡ್ಕೊಂಡಿದ್ದಾರೆ?"

"ಅದು ಮುಂದಿನ ವರದಿಯಮ್ಮ. ಮೊದಲು ನನ್ನ ಕೆಲಸ ಕಾಯಂ ಆಗ್ಲಿ."

ಗುಬ್ಬಿಯ ಕತ್ತರಿ ಜಾರಿ ಕಾಲರಿಗೇ ಬಿತ್ತು. ಅಮ್ಮ ಅದನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದು ನೋಡಿದಳು, ಗೊಣಗಲಿಲ್ಲ, ಮಡಚಿ ತನ್ನ ಮಂಡಿಯ ಕೆಳಗೆ ಸೇರಿಸಿಕೊಂಡಳು. ಹೊಲಿದು ಸರಿ ಮಾಡಬಹುದಾ ಎಂದು ಆಮೇಲೆ ನೋಡುತ್ತಾಳೆ.

ಅಕ್ಕ ಮೂರು ವರ್ಷದಿಂದ ಆರ್ಥಿಕ ಸಂಶೋಧನಾ ಸಂಸ್ಥೆಯಲ್ಲಿ ಗುತ್ತಿಗೆಯ ಮೇಲಿದ್ದಳು. ಅಲ್ಲಿ ಏಣಿ ಸಣ್ಣದು, ಮೆಟ್ಟಿಲು ಎತ್ತರ. ಮೊದಲು ಸಹಾಯಕಿ, ಆಮೇಲೆ ಸಂಶೋಧಕಿ, ಕೂದಲು ಬೆಳ್ಳಗಾಗುವ ಹೊತ್ತಿಗೆ ಹಿರಿಯ ಸಂಶೋಧಕಿ. ಅವಳ ಜೊತೆ ಅರ್ಥಶಾಸ್ತ್ರ ಓದಿದವರಲ್ಲಿ ಅರ್ಧಕ್ಕರ್ಧ ಬ್ಯಾಂಕು ಸೇರಿದ್ದರು. "ಅವರು ಮನೆ ಕಟ್ಟಿಸಿದ್ರು, ನಾನು ಬೇರೆಯವರ ಮನೆ ಎಣಿಸ್ತಾ ಕೂತಿದ್ದೀನಿ" ಎಂದು ಅಕ್ಕ ನಗುತ್ತಿದ್ದಳು. ಆದರೆ ಆ ಕೆಲಸದ ಮೇಲೆ ಅವಳಿಗೆ ಜೀವ. ಗುತ್ತಿಗೆ ಈ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಈ ವರದಿ ಸಭೆಯಲ್ಲಿ ಒಪ್ಪಿಗೆಯಾದರೆ ಕಾಯಂ ಪತ್ರ, ಇಲ್ಲದಿದ್ದರೆ ಮನೆ. ಪತ್ರ ಟೈಪಾಗಿ ನಿರ್ದೇಶಕರ ಮೇಜಿನ ಖಾನೆಯಲ್ಲಿದೆ ಎಂದು ಗುಮಾಸ್ತರು ಅಕ್ಕನ ಕಿವಿಯಲ್ಲಿ ಹೇಳಿದ್ದರು.

ಈ ಸಲದ ಸರ್ವೇಗೆ ಆರು ಜನ ಗಣತಿದಾರರು ಬೇಕಾದಾಗ ಅಕ್ಕನೇ ತಂಗಿಯ ಹೆಸರು ಹೇಳಿದ್ದಳು. "ಓದಿದ್ದು ಎಂಟು, ಆದ್ರೆ ಅಕ್ಷರ ಮುತ್ತಿನ ಹಾಗೆ. ಕಣ್ಣಿಗೆ ಬಿದ್ದದ್ದನ್ನ ಬಿಡೋಳಲ್ಲ" ಎಂದು. ಒಟ್ಟು ಸಾವಿರದಿನ್ನೂರು ಮನೆ, ತಲೆಗೆ ಇನ್ನೂರು. ದಿನಕ್ಕೆ ಎಂಟು ಮನೆ ಮುಗಿಸಬೇಕು.

ಫಾರಮ್ಮಿನಲ್ಲಿ ಹದಿಮೂರನೆಯ ಪ್ರಶ್ನೆಯವರೆಗೆ ದಾರಿ ಸಲೀಸು. ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ, ನೀರು ಎಲ್ಲಿಂದ. ಹದಿನಾಲ್ಕನೆಯದು ಮನೆಯಲ್ಲೇ ಕುಳಿತು ಮಾಡುವ ದುಡಿಮೆಯ ಪ್ರಶ್ನೆ. ಉತ್ತರ ಇಲ್ಲ ಎಂದಾದರೆ ಎರಡು ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗಬಹುದು. ಹೌದು ಎಂದಾದರೆ ಒಂದು ಅಂತ ಬರೆದು ಹಸಿರು ಹಾಳೆಗಳನ್ನು ತೆಗೆಯಬೇಕು. ಹನ್ನೊಂದು ಹಾಳೆ. ಯಾವ ಕೆಲಸ, ದಿನಕ್ಕೆ ಎಷ್ಟು ಗಂಟೆ, ಕೆಲಸ ತಂದುಕೊಡುವವರು ಯಾರು, ಬೆನ್ನು ನೋವಿದೆಯೇ, ಮಕ್ಕಳು ಕೈಜೋಡಿಸುತ್ತಾರೆಯೇ. ಹಸಿರು ಹಾಳೆ ಹಿಂದಿನ ಸರ್ವೇಯಲ್ಲಿ ಇರಲಿಲ್ಲ. ಅದು ಅಕ್ಕನ ಸೇರ್ಪಡೆ. ಹನ್ನೊಂದು ಪುಟ ಜಾಸ್ತಿಯಾಯಿತೇನೋ ಎಂದು ನಿರ್ದೇಶಕರು ಹೇಳಿದಾಗ ಅವಳು ಪಟ್ಟು ಹಿಡಿದಿದ್ದಳು. "ಎಷ್ಟು ಜನ ಅಂತ ಗೊತ್ತಾದ್ರೆ ಸಾಲದು ಸರ್, ಹೇಗೆ ಅಂತಾನೂ ಗೊತ್ತಾಗ್ಬೇಕು."

ಮೊದಲ ವಾರ ಗುಬ್ಬಿ ಒಂದೊಂದು ಹಸಿರು ಕಂತೆಗೆ ಒಂದೂವರೆ ಗಂಟೆ ಕೂತಳು. ಒಂದು ಮನೆಯಲ್ಲಿ ಒಲೆಯ ಮೇಲಿಟ್ಟದ್ದು ಸೀದುಹೋಯಿತು. ಇನ್ನೊಂದು ಮನೆಯ ಗಂಡಸು ಬಾಗಿಲಿಗೆ ಒರಗಿ ನಿಂತು, "ಇದೇನು ಸಂಬಂಧ ನೋಡೋಕೆ ಬಂದಿದ್ದೀಯೋ ಸರ್ವೇಗೆ ಬಂದಿದ್ದೀಯೋ?" ಎಂದ. ಗುಬ್ಬಿ ತಲೆ ಎತ್ತದೆ ಮುಂದಿನ ಪ್ರಶ್ನೆ ಓದಿದಳು. ದಿನಕ್ಕೆ ನಾಲ್ಕು ಮನೆ ದಾಟಲಿಲ್ಲ. ಮೇಲ್ವಿಚಾರಕರು ಸಂಜೆ ಎಲ್ಲರೆದುರು, "ನಮ್ಮ ಬಸವನಹುಳು ಬಂತಾ? ದಾರಿ ಬಿಡಿ" ಎನ್ನುತ್ತಿದ್ದರು.

ಆಗ ಅವಳ ನೆರವಿಗೆ ಬಂದವನು ಎಲ್ಲರೂ ಮೋಟರು ಎಂದು ಕರೆಯುತ್ತಿದ್ದವನು. ಗಣತಿದಾರರಲ್ಲಿ ಎಲ್ಲರಿಗಿಂತ ಹಳಬ, ದಿನಕ್ಕೆ ಹನ್ನೆರಡು ಮನೆ ಮುಗಿಸಿ ನಾಲ್ಕು ಗಂಟೆಗೇ ಚಹಾದಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುವವನು.

"ನೋಡು ತಂಗಿ" ಎಂದ. "ಫಾರಮ್ಮಲ್ಲಿ ಇರೋ ಹಾಗೇ ಓದಿದ್ರೆ ನಿನ್ನ ಕಥೆ ಮುಗೀತು. ಆ ಪ್ರಶ್ನೆ ಬರೆದೋರು ಫ್ಯಾನಿನ ಕೆಳಗೆ ಕೂತು ಬರೆದಿರ್ತಾರೆ."

"ಬರೆದದ್ದು ನಮ್ಮಕ್ಕ."

"ಇರಲಿ ಬಿಡು, ನಿಮ್ಮಕ್ಕನಿಗೂ ಫ್ಯಾನ್ ಇದೆ. ನೀನು ಹದಿನಾಲ್ಕಕ್ಕೆ ಬಂದಾಗ ನಗ್ತಾ ನಗ್ತಾ, 'ಮನೇಲಿ ಕೂತು ಯಾರೂ ಏನೂ ಕೆಲಸ ಮಾಡಲ್ಲ ಅಲ್ವಾ?' ಅಂತ ಕೇಳು. ಅವರೇ ಇಲ್ಲ ಅಂತಾರೆ. ನೀನು ಸುಳ್ಳು ಬರೆದ ಹಾಗೂ ಆಗಲ್ಲ, ಅವರಿಗೂ ಹೊತ್ತು ಉಳಿಯುತ್ತೆ. ಎಲ್ಲರಿಗೂ ಪುಣ್ಯ."

ಮಾರನೆಯ ದಿನ ಗುಬ್ಬಿ ಹಾಗೇ ಕೇಳಿದಳು. ನಗು ಬರಲಿಲ್ಲ, ಉಳಿದದ್ದೆಲ್ಲ ಬಂತು. ಏಳು ಮನೆ ಮುಗಿದವು. ಆ ವಾರದ ಕೊನೆಗೆ ದಿನಕ್ಕೆ ಎಂಟು. ಮೇಲ್ವಿಚಾರಕರು ಅವಳ ಪಟ್ಟಿಯನ್ನು ಗೋಡೆಗೆ ಅಂಟಿಸಿ, "ಎಲ್ಲರೂ ನೋಡಿ ಕಲೀರಿ" ಎಂದರು. ಬಸವನಹುಳು ಎಂದು ಯಾರೂ ಕರೆಯಲಿಲ್ಲ. ಬೆನ್ನ ಮೇಲಿನ ಮೂಟೆ ಇಳಿದ ಹಾಗಾಯಿತು ಅವಳಿಗೆ, ನಿಜ ಹೇಳಬೇಕೆಂದರೆ.

ಒಬ್ಬಳು ಮಾತ್ರ ಮನಸ್ಸಿನಲ್ಲಿ ಉಳಿದಿದ್ದಳು. ಓಣಿಯ ಕೊನೆಯ ಮನೆ. ಬಾಗಿಲ ಹಿಂದೆ ಕಾಗದದ ಚೀಲಗಳು ಎದೆಯೆತ್ತರ ಪೇರಿಸಿದ್ದವು. ಗುಬ್ಬಿ ಏನೂ ಕೆಲಸ ಮಾಡಲ್ಲ ಅಲ್ವಾ ಎಂದಾಗ ಆ ಹೆಂಗಸು ತನ್ನ ಕೈ ನೋಡಿಕೊಂಡಳು. ಬೆರಳುಗಳ ಮೇಲೆ ಅಂಟು ಒಣಗಿ ಬಿಳಿ ಪೊರೆಯಾಗಿತ್ತು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಇಲ್ಲಮ್ಮ, ಏನೂ ಇಲ್ಲ" ಎಂದಳು. ಗುಬ್ಬಿ ಎರಡು ಅಂತ ಬರೆದಳು.

ಈಗ ಅಕ್ಕ ಕಂಪ್ಯೂಟರು ಮುಚ್ಚಿ ಸ್ನಾನಕ್ಕೆ ಹೋದಳು. ನೀರು ಸುರಿಯುವ ಸದ್ದು ಕೇಳಿದ ಮೇಲೆ ಗುಬ್ಬಿ ಕತ್ತರಿ ಕೆಳಗಿಟ್ಟಳು.

"ಅಮ್ಮ, ಮನೇಲಿ ಕೂತು ನೀನು ಏನೂ ಕೆಲಸ ಮಾಡಲ್ಲ ಅಲ್ವಾ?"

"ನಾನೇನು ಮಾಡ್ತೀನೇ. ಈ ಮಂಡಿ ಹೋದ ಮೇಲೆ ಸುಮ್ನೆ ಕೂತಿರ್ತೀನಿ" ಎಂದಳು ಅಮ್ಮ. ಅವಳ ಕೈಯಲ್ಲಿ ಕಾಲರಿತ್ತು, ಎಡಗಡೆ ಇನ್ನೂರರ ರಾಶಿಯಿತ್ತು, ಮಡಿಲ ತುಂಬ ನೂಲಿನ ಚೂರುಗಳಿದ್ದವು.

ಗುಬ್ಬಿ ಈ ಸಲ ಫಾರಮ್ಮಿನಲ್ಲಿ ಅಚ್ಚಾದ ಹಾಗೆಯೇ ಹೇಳಿದಳು. ಅದು ಅವಳಿಗೆ ಬಾಯಿಪಾಠ. "ಕಳೆದ ಮೂವತ್ತು ದಿನಗಳಲ್ಲಿ ಈ ಮನೆಯ ಯಾರಾದರೂ ಮನೆಯಲ್ಲೇ ಕುಳಿತು, ಹಣಕ್ಕಾಗಿ, ಹೊಲಿಯುವುದು, ಅಂಟಿಸುವುದು, ಪೋಣಿಸುವುದು, ಕತ್ತರಿಸುವುದು, ಕಟ್ಟುವುದು, ಇಂಥ ಯಾವುದಾದರೂ ಕೆಲಸ ಮಾಡಿದ್ದಾರೆಯೇ?"

ಅಮ್ಮ ಕತ್ತರಿ ನಿಲ್ಲಿಸಿದಳು. "ಕತ್ತರಿಸೋದೂ ಸೇರುತ್ತಾ?"

"ಸೇರುತ್ತೆ."

"ಹಾಗಾದ್ರೆ ಮಾಡ್ತೀನಲ್ಲ. ಏನೇ ನೀನು, ಮೊದಲು ಕೇಳಿದ್ದು ಒಂದು, ಈಗ ಕೇಳೋದು ಒಂದು." ಸೊಂಟಕ್ಕೆ ಕೈಯಿಟ್ಟು ಕೇಳಿದಳು, "ಬೆನ್ನು ನೋವಿನದೂ ಕೇಳ್ತೀರಾ?"

"ಕೇಳ್ತೀವಿ. ಹಸಿರು ಹಾಳೇಲಿ."

"ಒಳ್ಳೇದು" ಎಂದಳು ಅಮ್ಮ. ಅದನ್ನು ಯಾರಾದರೂ ಕೇಳಲಿ ಎಂದು ಬಹಳ ದಿನದಿಂದ ಕಾದವಳ ಹಾಗೆ.

ಸಂಸ್ಥೆಯ ನೆಲಮಾಳಿಗೆಯಲ್ಲಿ ಕಬ್ಬಿಣದ ಕಪಾಟುಗಳಿವೆ. ಲೆಕ್ಕಕ್ಕೆ ಏರಿದ ಫಾರಮ್ಮುಗಳನ್ನು ಒಬ್ಬೊಬ್ಬ ಗಣತಿದಾರನ ಹೆಸರಿನಲ್ಲಿ ಕಂತೆ ಕಟ್ಟಿ ಅಲ್ಲಿಡುತ್ತಾರೆ. ಐದು ವರ್ಷ ಇಡಬೇಕೆಂಬ ನಿಯಮ. ಆಮೇಲೆ ರದ್ದಿ. ಒಮ್ಮೆ ಇಟ್ಟದ್ದನ್ನು ಬಿಚ್ಚಿದವರು ಯಾರೂ ಇಲ್ಲ. ಅವತ್ತು ಹತ್ತು ಗಂಟೆಗೆ ಗುಬ್ಬಿ ತನ್ನ ಕಂತೆಯನ್ನು ಬಿಚ್ಚಿ ನೆಲದ ಮೇಲೆ ಹರಡಿದಳು.

ಪ್ರತಿ ಫಾರಮ್ಮಿನ ಮೊದಲ ಪುಟದಲ್ಲಿ, ಮೇಲೆ ಬಲಗಡೆ, ಒಂದು ಪುಟ್ಟ ಚೌಕ. ಅದರ ತಲೆಯ ಮೇಲೆ 'ಮನೆ ಗುರುತು' ಎಂದಿರುತ್ತದೆ. ತಪಾಸಣೆಗೆ ಇನ್ನೊಬ್ಬರು ಹೋಗಬೇಕಾದರೆ ಮನೆ ಸಿಗಲಿ ಎಂದು. ಕಂಪ್ಯೂಟರಿಗೆ ಅದನ್ನು ಹಾಕುವುದಿಲ್ಲ. ಬೇರೆಯವರು ನೀಲಿ ಬಾಗಿಲು, ಎಡಗಡೆ ಎರಡನೆಯದು ಎಂದು ಗೀಚಿ ಬಿಡುತ್ತಿದ್ದರು. ಗುಬ್ಬಿ ಹಾಗಲ್ಲ. ಬಾಯಿ ಬಿಡಲಾಗದ ಕಡೆ ಅವಳ ಕಣ್ಣು ಕೆಲಸ ಮಾಡುತ್ತಿತ್ತು. ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು.

'ಬಾಗಿಲ ಹಿಂದೆ ಕಾಗದದ ಚೀಲಗಳ ರಾಶಿ.'

'ಹೊಲಿಗೆ ಯಂತ್ರದ ಸದ್ದು ರಸ್ತೆಗೆ ಕೇಳುತ್ತದೆ.'

'ಜಗಲಿಯ ಮೇಲೆ ಮಣಿಗಳ ಡಬ್ಬಿ, ಅಜ್ಜಿ ಪೋಣಿಸುತ್ತಾ ಕೂತಿರುತ್ತಾಳೆ.'

ಮೂರರಲ್ಲೂ ಹದಿನಾಲ್ಕನೆಯ ಪ್ರಶ್ನೆಗೆ ಎರಡು ಎಂದು ಅವಳದೇ ಮುತ್ತಿನಂಥ ಅಕ್ಷರದಲ್ಲಿತ್ತು.

ಒಂದೊಂದನ್ನೇ ನೋಡಿ, ಅಂಥದಕ್ಕೆ ಕಾಗದದ ಚೂರು ಸಿಕ್ಕಿಸಿ ಬೇರೆ ಇಟ್ಟಳು. ಮಧ್ಯಾಹ್ನ ಹನ್ನೆರಡೂಮುಕ್ಕಾಲಕ್ಕೆ ಅಕ್ಕ ಊಟದ ಡಬ್ಬಿ ಹಿಡಿದು ಅವಳನ್ನು ಹುಡುಕಿಕೊಂಡು ಕೆಳಗಿಳಿದಳು.

"ಇಲ್ಲೇನೇ ಮಾಡ್ತಿದೀಯ? ಮೇಲೆ ಕುರ್ಚಿ ಹಾಕೋಕೆ ಹುಡುಕ್ತಿದ್ದಾರೆ ನಿನ್ನ."

ಗುಬ್ಬಿ ಚೂರು ಸಿಕ್ಕಿಸಿದ ಕಂತೆಯನ್ನು ಅವಳ ಕೈಗೆ ಕೊಟ್ಟಳು. "ಮನೆ ಗುರುತು ಓದು. ಆಮೇಲೆ ಹದಿನಾಲ್ಕು ನೋಡು."

ಅಕ್ಕ ನಿಂತುಕೊಂಡೇ ಓದಿದಳು. ನಾಲ್ಕನೆಯ ಫಾರಮ್ಮಿಗೆ ಡಬ್ಬಿಯನ್ನು ಕಪಾಟಿನ ಮೇಲಿಟ್ಟಳು. ಹತ್ತನೆಯದಕ್ಕೆ ಮೆಟ್ಟಿಲ ಮೇಲೆ ಕೂತಳು.

"ಹೇಗೆ ಕೇಳಿದೆ?"

ಗುಬ್ಬಿ ಹೇಗೆ ಕೇಳಿದಳೆಂದು ಹೇಳಿದಳು. ಯಾರು ಹೇಳಿಕೊಟ್ಟರೆಂದು ಹೇಳಲಿಲ್ಲ.

"ಎಷ್ಟಿವೆ?"

"ಐವತ್ತೆಂಟು."

"ಒಂದು ಅಂತ ಬರೆದದ್ದು ಎಷ್ಟು?"

"ಮೂವತ್ತೊಂದು. ಹೆಚ್ಚಿನವು ಮೊದಲನೇ ವಾರದವು."

ಅಕ್ಕನಿಗೆ ಕಾಗದ ಬೇಕಾಗಲಿಲ್ಲ. "ಇನ್ನೂರಕ್ಕೆ ಎಂಬತ್ತೊಂಬತ್ತು. ನೂರಕ್ಕೆ ನಲವತ್ತನಾಲ್ಕೂವರೆ." "ಏನೂ ಕಡಿಮೆಯಾಗೇ ಇಲ್ಲ ಕಣೇ" ಎಂದಳು. "ಯಂತ್ರ ಬಂದದ್ದೂ ಇಲ್ಲ, ಏನೂ ಇಲ್ಲ. ನನ್ನ ಹಸಿರು ಹಾಳೆ ಬಂತು, ಅಷ್ಟೇ."

ಗುಬ್ಬಿ ನೆಲ ನೋಡುತ್ತಾ ನಿಂತಳು.

"ನಿನಗೆ ಯಾವಾಗ ಗೊತ್ತಾಯ್ತು?"

"ಬೆಳಗ್ಗೆ." ಆಮೇಲೆ ಅದು ಸರಿಯಲ್ಲವೆನಿಸಿ, "ಮೊದಲೇ ಗೊತ್ತಿತ್ತು. ಇಷ್ಟು ಅಂತ ಗೊತ್ತಿರಲಿಲ್ಲ" ಎಂದಳು.

"ಮೊದಲೇ ಹೇಳೋಕೆ ಏನಾಗಿತ್ತು ನಿನಗೆ? ಬಾಯಿಗೆ ಬೀಗ ಹಾಕಿದ್ರಾ? ಮೂರು ವರ್ಷ. ಪತ್ರ ಟೈಪ್ ಆಗಿ ಕೂತಿದೆ. ಮೂರು ಗಂಟೆಗೆ ಸಭೆ, ಒಂದು ಗಂಟೆಗೆ ಬಂದು ಹೇಳ್ತಿದೀಯಲ್ಲ." ಅಕ್ಕನ ದನಿ ಏರಲಿಲ್ಲ. ಏರಿದ್ದರೆ ಗುಬ್ಬಿಗೆ ಹಗುರವಾಗುತ್ತಿತ್ತು. "ಇದನ್ನ ಎತ್ತಿದ್ರೆ ನನ್ನ ವರದಿ ಹೋಯ್ತು. ನಿನ್ನ ಕೆಲಸಾನೂ ಹೋಯ್ತು, ನನ್ನ ಮಾತಿನ ಮೇಲೆ ಬಂದೋಳು ನೀನು. ಎತ್ತದಿದ್ರೆ ಅಮ್ಮನಂಥೋರು ಯಾರೂ ಇಲ್ಲ ಅಂತ ಅಚ್ಚಾಗುತ್ತೆ."

ಇಬ್ಬರೂ ಊಟ ಮಾಡಲಿಲ್ಲ. ಅಕ್ಕ ಕಂತೆಯನ್ನು ಎದೆಗವಚಿಕೊಂಡು ಮೇಲೆ ಹತ್ತಿಹೋದಳು. ಏನು ಮಾಡುತ್ತೇನೆಂದು ಹೇಳಲಿಲ್ಲ.

ಮೂರು ಗಂಟೆಗೆ ಉದ್ದ ಮೇಜಿನ ಸುತ್ತ ಹನ್ನೆರಡು ಮಂದಿ ಕೂತರು. ಗಣತಿದಾರರಿಗೆ ಗೋಡೆಯ ಪಕ್ಕ ಕೊನೆಯ ಸಾಲು. ಆ ಸಂಸ್ಥೆಯಲ್ಲಿ ಅದೊಂದು ಹಳೆಯ ಪದ್ಧತಿ. ಯಾವ ವರದಿಯೂ ಅಚ್ಚಿಗೆ ಹೋಗುವ ಮೊದಲು ನಿರ್ದೇಶಕರು ಹಿಂದಿನ ಸಾಲಿಗೆ ಕತ್ತೆತ್ತಿ, "ಬಾಗಿಲು ತಟ್ಟಿದವರು ಏನಂತೀರಿ?" ಎಂದು ಕೇಳುತ್ತಾರೆ. ಮೋಟರು ಎದ್ದು, "ಎಲ್ಲಾ ಸರಿ ಇದೆ ಸರ್" ಎನ್ನುತ್ತಾನೆ. ಆಮೇಲೆ ಚಹಾ.

ಅಕ್ಕ ಎದ್ದು ನಿಂತಳು. ಚೂರುಗಳು ಇಣುಕುತ್ತಿದ್ದ ಕಂತೆ ಅವಳ ಮುಂದೆ ಮೇಜಿನ ಮೇಲಿತ್ತು. ಪರದೆಯ ಮೇಲೆ ಒಂದು ಗೆರೆ ನಲವತ್ತೊಂದರಿಂದ ಹದಿನೆಂಟಕ್ಕೆ ಮೆಟ್ಟಿಲಿಳಿದ ಹಾಗೆ ಇಳಿಯಿತು. ಅವಳು ಅಂಕಿಗಳನ್ನು ಓದಿದಳು, ಮನೆಗಳನ್ನು ಹೇಗೆ ಆರಿಸಿದೆವೆಂದು ಹೇಳಿದಳು. ಯಂತ್ರಗಳ ಮಾತು ಬರಬೇಕಾದ ಕಡೆ ನಿಲ್ಲಿಸಿದಳು.

"ಚೆನ್ನಾಗಿದೆ" ಎಂದರು ನಿರ್ದೇಶಕರು, ಕನ್ನಡಕ ಒರೆಸುತ್ತಾ. "ದೊಡ್ಡ ಇಳಿಕೆ. ಎಲ್ಲರೂ ಗಮನಿಸೋ ಅಂಥದ್ದು. ಕಾರಣ ಏನಮ್ಮ?"

ಅಕ್ಕ ಕಂತೆಯ ಮೇಲೆ ಕೈಯಿಟ್ಟಳು. "ಕಾರಣ ನಾನು ಹೇಳೋದಕ್ಕಿಂತ" ಎಂದು ನಿಲ್ಲಿಸಿ, "ಬಾಗಿಲು ತಟ್ಟಿದವರು ಹೇಳಿದ್ರೆ ಒಳ್ಳೇದು ಸರ್" ಎಂದಳು. ಮತ್ತೆ ನೇರವಾಗಿ ಹಿಂದಿನ ಸಾಲಿನ ಕಡೆ, ತಂಗಿಯ ಕಡೆ, ನೋಡಿದಳು.

ಅದು ತನ್ನನ್ನು ಮುಂದೆ ತಳ್ಳಿದ್ದೋ, ಕೈಚಾಚಿ ಕರೆದದ್ದೋ ಗುಬ್ಬಿಗೆ ತಿಳಿಯಲಿಲ್ಲ. ಯೋಚಿಸುತ್ತಾ ಕೂರಲು ಹೊತ್ತಿರಲಿಲ್ಲ. ಪಕ್ಕದಲ್ಲಿ ಮೋಟರು ಅಭ್ಯಾಸಬಲದಿಂದ ಆಗಲೇ ಅರ್ಧ ಎದ್ದಿದ್ದ. ಗುಬ್ಬಿ ಅವನ ತೋಳು ಹಿಡಿದು ಕೆಳಗೆ ಕೂರಿಸಿ ತಾನು ಎದ್ದಳು. ಅವನು, "ಏ, ಏನಿದು" ಎಂದು ಪಿಸುಗುಟ್ಟಿದ.

ಹನ್ನೆರಡು ತಲೆಗಳು ತಿರುಗಿದವು. ಗುಬ್ಬಿ ಯಾರ ಮುಖವನ್ನೂ ನೋಡದೆ ಮೇಜಿನ ಅಂಚು ನೋಡಿದಳು. ಅಲ್ಲಿ ಒಂದು ಕಡೆ ಬಣ್ಣ ಎದ್ದಿತ್ತು.

"ಕಡಿಮೆ ಆಗಿಲ್ಲ ಸರ್. ನಾನು ಸರಿಯಾಗಿ ಕೇಳಲಿಲ್ಲ. ಹೌದು ಅಂದ್ರೆ ಹಸಿರು ಹಾಳೆ ತುಂಬಬೇಕು, ದಿನಕ್ಕೆ ಎಂಟು ಮನೆ ಆಗಲ್ಲ. ಅದಕ್ಕೆ, ಏನೂ ಕೆಲಸ ಮಾಡಲ್ಲ ಅಲ್ವಾ, ಅಂತ ಕೇಳಿದೆ. ಇಲ್ಲ ಅಂದ್ರು. ಅವರು ಮಾಡ್ತಿದ್ದದ್ದು ನನ್ನ ಕಣ್ಣಿಗೆ ಕಾಣ್ತಿತ್ತು. ಅದನ್ನ ಮನೆ ಗುರುತಲ್ಲಿ ಬರೆದಿದ್ದೀನಿ, ಐವತ್ತೆಂಟು ಮನೆ. ಅಕ್ಕನ ಮುಂದೆ ಇದೆ. ಮೇಡಂ ಮುಂದೆ."

ನಿರ್ದೇಶಕರು ಕೈಚಾಚಿದರು. ಅಕ್ಕ ಕಂತೆಯನ್ನು ಮೇಜಿನ ಮೇಲೆ ಜಾರಿಸಿದಳು. ಅವರು ಮೊದಲನೆಯದನ್ನು ಓದಿದರು, ಎರಡನೆಯದನ್ನು ಓದಿದರು, ಕನ್ನಡಕ ತೆಗೆದು ಮೂರನೆಯದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಮೇಲ್ವಿಚಾರಕರು ತಮ್ಮ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ಬಂದಾತ ಒಳಗೆ ಬರುವುದೋ ಬೇಡವೋ ತಿಳಿಯದೆ ನಿಂತ. ಪರದೆಯ ಮೇಲಿನ ಗೆರೆಯನ್ನು ಯಾರೂ ಆರಿಸಿರಲಿಲ್ಲ.

ಕೂತುಬಿಡಬಹುದಿತ್ತು. ಹೇಳಬೇಕಾದ್ದು ಮುಗಿದಿತ್ತು. ಗುಬ್ಬಿಗೆ ಓಣಿಯ ಕೊನೆಯ ಮನೆಯವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತದ್ದು ಕಣ್ಣಿಗೆ ಕಟ್ಟಿತು. ಆ ಮನೆಗೆ ಹೋಗುವ ದಾರಿ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಸರ್" ಎಂದಳು. "ಆ ಐವತ್ತೆಂಟು ಮನೆಗೆ ನನ್ನನ್ನ ಇನ್ನೊಂದು ಸಲ ಕಳಿಸಿ. ಹಸಿರು ಹಾಳೆ ಕೊಟ್ಟು ಕಳಿಸಿ."

ಅಕ್ಕ ಕೈಚಾಚಿ ಪರದೆಯ ಮೇಲಿನ ಗೆರೆಯನ್ನು ಆರಿಸಿದಳು.